ಗುಡ್ಡ ಹತ್ತೋಕೆ ಬರುವವರು ಹೊಲಕ್ಕೂ ಇಳಿಯಿರಿ

ಜೂನ್ ಬಂತು ಅಂದ್ರೆ ಗದಗದ ಸುತ್ತಮುತ್ತ ಸಸಿ ನೆಡುವ ಸಡಗರ ಶುರುವಾಗುತ್ತದೆ. ಕಾಲೇಜಿನವರು, ಸಂಘದವರು, ಕಂಪನಿಯವರು, ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ. ಬರಲಿ, ಸಸಿ ನೆಡೋದು ಒಳ್ಳೆಯ ಕೆಲಸವೇ. ಆದರೆ ಗೆಳೆಯರ ಜೊತೆ ಕೆಲವು ವರ್ಷಗಳಿಂದ ಕಪ್ಪತಗುಡ್ಡದ ಬುಡದ ಊರುಗಳಲ್ಲಿ ಓಡಾಡುತ್ತಿದ್ದೇನೆ. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ರೈತರ ಊರಿಗೆ ಶ್ರಮದಾನ ಮಾಡೋಕೆ ಹೋಗುವವರು ನಮ್ಮ ರಜೆ ಯಾವಾಗ ಅಂತ ನೋಡಬಾರದು. ಅಲ್ಲಿನ ಹೊಲದಲ್ಲಿ ಈಗ ಯಾವ ಕೆಲಸ ನಡೆದಿದೆ ಅಂತ ನೋಡಿ ಹೋಗಬೇಕು.

ಜೂನ್‌ನಲ್ಲಿ ಆ ಊರುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಒಂದು ಹದ ಮಳೆ ಬಿತ್ತು ಅಂದ್ರೆ ಮನೆ ಮಂದಿಯೆಲ್ಲ ಹೊಲದಲ್ಲಿ. ಭೂಮಿಯ ಹಸಿ ಆರುವುದರೊಳಗೆ ಬಿತ್ತನೆ ಮುಗಿಯಬೇಕು. ಅಂಥ ದಿನ ಐವತ್ತು ಜನ ಬಸ್ಸಿನಲ್ಲಿ ಬಂದು ಇಳಿದರೆ ಅವರಿಗೆ ನೀರು, ಚಹಾ, ಗುದ್ದಲಿ ಹೊಂದಿಸೋಕೆ ಊರಿನ ನಾಲ್ಕು ಜನ ಕೆಲಸ ಬಿಟ್ಟು ನಿಲ್ಲಬೇಕು. ಡಂಬಳದ ಹತ್ತಿರದ ಒಂದು ಊರಲ್ಲಿ ವಯಸ್ಸಾದ ಒಬ್ಬ ಅಮ್ಮ ನಮಗೆ ನೇರವಾಗಿಯೇ ಹೇಳಿದ್ದರು: "ತಮ್ಮಾ, ಗಿಡಾ ಹಚ್ಚಾಕ ಎಲ್ಲಾರೂ ಬರ್ತಾರ. ಬ್ಯಾಸಗ್ಯಾಗ ಅದಕ್ಕ ಒಂದು ಕೊಡಾ ನೀರ ಹಾಕಾಕ ಯಾರ ಬರ್ತೀರಿ? ಹೋದ ವರ್ಷ ಹಚ್ಚಿದ್ದನ್ನ ಆಡು ತಿಂದು ಹೋದ್ವು." ಅಂದಿನಿಂದ ನಮ್ಮ ಗುಂಪು ಯಾವುದೇ ಊರಿಗೆ ಹೋಗುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತದೆ. ಈಗ ನಿಮಗೆ ಕೈ ಸಾಲದ ಕೆಲಸ ಯಾವುದು?

ಬಹಳ ಸಲ ಬರುವ ಉತ್ತರ ಆಗಸ್ಟ್ ತಿಂಗಳಿನದು. ಹೆಸರು ಬಿಡಿಸೋದು, ಅಂದ್ರೆ ಹೆಸರುಕಾಳಿನ ಗಿಡದಿಂದ ಒಣಗಿದ ಕಾಯಿ ಕೀಳೋದು.

ಎರೆಹೊಲದಲ್ಲಿ ಮುಂಗಾರಿಗೆ ಬಿತ್ತಿದ ಹೆಸರು ಎರಡು ತಿಂಗಳು ದಾಟುತ್ತಿದ್ದಂತೆ ಕೈಗೆ ಬರುತ್ತದೆ. ಹಬ್ಬದ ಖರ್ಚಿಗೆ, ಹಿಂಗಾರಿಯ ಬೀಜ ಗೊಬ್ಬರಕ್ಕೆ ರೈತರು ನಂಬಿಕೊಂಡಿರುವುದು ಇದೇ ದುಡ್ಡನ್ನು. ತೊಂದರೆ ಏನಂದ್ರೆ, ಕಾಯಿ ಕಪ್ಪಾಗಿ ಒಣಗುವ ಹೊತ್ತಿಗೆ ಮಳೆ ಹಿಡಿಯುತ್ತದೆ. ನಾಲ್ಕು ದಿನ ಬಿಡದೆ ಜಿನುಗಿದರೆ ಗಿಡದಲ್ಲೇ ಕಾಳು ಮೊಳಕೆ ಒಡೆಯುತ್ತದೆ. ಬಣ್ಣ ಕೆಟ್ಟ ಕಾಳಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ಹೋಗುತ್ತದೆ. ಆಗ ಎಲ್ಲರ ಹೊಲವೂ ಒಂದೇ ಸಲ ಬಂದಿರುತ್ತದೆ, ಆಳು ಸಿಗುವುದಿಲ್ಲ. ಮಳೆ ಒಂದು ದಿನ ಬಿಡುವು ಕೊಟ್ಟರೆ ಆ ದಿನ ಎಷ್ಟು ಕೈ ಇದ್ದರೂ ಕಡಿಮೆಯೇ.

ಹೆಸರು ಬಿಡಿಸೋದು ನೋಡೋಕೆ ಹಗುರ ಕೆಲಸ. ಸೊಂಟ ಬಗ್ಗಿಸಿ ಒಂದು ಸಾಲು ಮುಗಿಸಿ ನೋಡಿ, ಗೊತ್ತಾಗುತ್ತದೆ. ಗಿಡ ಮೊಣಕಾಲಿಗೂ ಬರುವುದಿಲ್ಲ. ಒಂದೇ ಗೊಂಚಲಿನಲ್ಲಿ ಕರಿ ಕಾಯಿ, ಹಸಿರು ಕಾಯಿ, ಹಳದಿ ಹೂವು ಮೂರೂ ಇರುತ್ತವೆ. ಕರಿಯದನ್ನು ಮಾತ್ರ ಕೀಳಬೇಕು. ಬೆಳಿಗ್ಗೆ ಮಂಜಿನ ಹಸಿ ಇರುವಾಗ ಕಾಯಿ ಮೆತ್ತಗಿರುತ್ತದೆ. ಬಿಸಿಲು ಏರಿದ ಮೇಲೆ ಮುಟ್ಟಿದರೆ ಸಾಕು, ಚಟ್ ಅಂತ ಸಿಡಿದು ಕಾಳು ಎರೆಮಣ್ಣಿನ ಬಿರುಕಿಗೆ ಸೇರಿಬಿಡುತ್ತದೆ. ಪಕ್ಕದ ಸಾಲಿನ ಹೆಂಗಸರು ಎರಡೂ ಕೈಯಿಂದ ಕೀಳುತ್ತಾ, ಮಾತಾಡುತ್ತಾ, ಉಡಿ ತುಂಬಿಕೊಂಡು ನಮ್ಮನ್ನು ದಾಟಿ ಮುಂದೆ ಹೋಗುತ್ತಾರೆ. ಆ ಕೈಚಳಕವನ್ನು ಹತ್ತಿರದಿಂದ ನೋಡಿದವರು ಹೊಲದ ಕೆಲಸವನ್ನು ಯಾವತ್ತೂ ಹಗುರವಾಗಿ ಮಾತಾಡುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಾವು ಪುಕ್ಕಟೆ ದುಡಿಯೋಕೆ ಹೋಗಿ ಕೂಲಿ ಮಾಡುವವರ ಹೊಟ್ಟೆ ಮೇಲೆ ಹೊಡೆಯಬಾರದು. ಅದಕ್ಕೇ ಆಳು ಇಟ್ಟುಕೊಳ್ಳುವ ಶಕ್ತಿ ಇರುವ ದೊಡ್ಡ ಹೊಲಗಳಿಗೆ ನಾವು ಹೋಗುವುದಿಲ್ಲ. ಗಂಡ ತೀರಿಕೊಂಡು ಒಬ್ಬರೇ ಎರಡೆಕರೆ ಮಾಡುತ್ತಿರುವವರು, ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದವರು, ಮಕ್ಕಳು ದುಡಿಯೋಕೆ ಊರು ಬಿಟ್ಟು ಹೋದ ಮುದುಕರು, ಇಂಥವರ ಹೊಲ ಯಾವುದು ಅಂತ ಊರಿನವರೇ ತೋರಿಸುತ್ತಾರೆ. ಮುಯ್ಯಾಳು ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲವಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಮಗೆ ಹೊಲವಿಲ್ಲ, ಹಾಗಾಗಿ ಅವರು ನಮ್ಮ ಮುಯ್ಯಿಯನ್ನು ಬೇರೆ ರೀತಿ ತೀರಿಸುತ್ತಾರೆ. ಗುಡ್ಡ ತೋರಿಸುತ್ತಾರೆ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಕಡೆ ಸುಮ್ನೆ ಹೇಳಿಲ್ಲ. ಮಳೆಗಾಲದಲ್ಲಿ ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿ ಹತ್ತಿರ ನಿಂತರೆ ಗಾಳಿ ಮೈಯನ್ನೇ ಹಿಂದಕ್ಕೆ ತಳ್ಳುತ್ತದೆ. ಮೋಡ ಕಾಲ ಕೆಳಗೆ ಹಾಯುತ್ತದೆ. ಆದರೆ ಕುರಿ ಕಾಯುವ ಒಬ್ಬ ಅಜ್ಜನ ಹಿಂದೆ ಗುಡ್ಡ ಹತ್ತುವ ಸುಖವೇ ಬೇರೆ. ಎಲ್ಲಿ ನೀರು ಬತ್ತುವುದಿಲ್ಲ, ಯಾವ ಬಳ್ಳಿ ದನದ ಹೊಟ್ಟೆಯುಬ್ಬರಕ್ಕೆ ಆಗುತ್ತದೆ, ಚಿರತೆ ಯಾವ ಹಾದಿಯಲ್ಲಿ ಇಳಿಯುತ್ತದೆ, ಎಲ್ಲವನ್ನೂ ಅವರು ನಡೆಯುತ್ತಲೇ ಹೇಳುತ್ತಾರೆ. ಈ ಗುಡ್ಡದಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಮೊಬೈಲ್ ಮ್ಯಾಪ್ ನೋಡಿಕೊಂಡು ಹತ್ತಿ ಇಳಿದವರಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

ಈ ಗುಡ್ಡ ಉಳಿದಿರುವುದೂ ಜನ ಬೀದಿಗೆ ಇಳಿದಿದ್ದರಿಂದಲೇ ಅನ್ನೋದನ್ನು ಟ್ರೆಕ್ಕಿಂಗ್‌ಗೆ ಬರುವ ಹುಡುಗ ಹುಡುಗಿಯರಿಗೆ ಯಾರಾದರೂ ಹೇಳಬೇಕು. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ ಸರ್ಕಾರ 2016ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಗಣಿಗಾರಿಕೆ ಬರುತ್ತದೆ ಅನ್ನುವ ಭಯ ಎಲ್ಲರಿಗೂ ಇತ್ತು. 2017ರಲ್ಲಿ ಗದಗದ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ರೈತರು, ಹೆಂಗಸರು, ವಿದ್ಯಾರ್ಥಿಗಳು ಗದಗದಲ್ಲಿ ಧರಣಿ ಕೂತರು. ಗುಡ್ಡಕ್ಕೆ ಮತ್ತೆ ರಕ್ಷಣೆ ಸಿಕ್ಕಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗಕ್ಕೆ ಸ್ಪೀಕರ್ ಹೊತ್ತುಕೊಂಡು ಬಂದು ಕುಣಿದು, ಬಾಟಲಿ ಒಡೆದು ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಬಾಟಲಿಗಿಂತ ದೊಡ್ಡ ಅಪಾಯ ಬೆಂಕಿ. ಚಳಿಗಾಲ ಮುಗಿಯುವ ಹೊತ್ತಿಗೆ ಗುಡ್ಡದ ತುಂಬ ಬಾದೆ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಆ ಗಾಳಿಗೆ ಬೆಂಕಿ ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಹಾರುತ್ತದೆ. ಗುಡ್ಡದ ಅಂಚಿನ ಹೊಲಕ್ಕೆ ಇಳಿದರೆ ಮೇವಿನ ಬಣವೆಯೂ ಹೋಯಿತು. ಅದಕ್ಕೇ ಬೆಂಕಿ ರೇಖೆ ಮಾಡುತ್ತಾರೆ. ಹುಲ್ಲು ಕೊಯ್ದು, ತರಗೆಲೆ ಗುಡಿಸಿ, ಉದ್ದಕ್ಕೂ ಒಂದು ಪಟ್ಟಿ ನೆಲ ಬರಿದು ಮಾಡುವುದು. ಬೆಂಕಿ ಅಲ್ಲಿಗೆ ಬಂದಾಗ ಹಿಡಿಯೋಕೆ ಏನೂ ಸಿಗಬಾರದು, ಅಷ್ಟೇ. ಅರಣ್ಯ ಇಲಾಖೆಯವರು ಒಪ್ಪಿದರೆ ವಾಚರ್‌ಗಳ ಜೊತೆ ಕುಡುಗೋಲು ಹಿಡಿದು ನಾವೂ ಹೋಗುತ್ತೇವೆ. ಹುಲ್ಲಿನ ಅಂಚು ಬೆರಳು ಕೊಯ್ಯುತ್ತದೆ. ಸಾಕ್ಸ್ ತುಂಬ ಮುಳ್ಳು. ಫೋಟೋದಲ್ಲಿ ಬರಿ ನೆಲ ಬಿಟ್ಟು ಏನೂ ಕಾಣಿಸುವುದಿಲ್ಲ. ಆದರೆ ಒಂದು ಸಸಿ ನೆಡುವುದಕ್ಕಿಂತ, ಆಗಲೇ ಬೆಳೆದು ನಿಂತ ನೂರು ಗಿಡ ಸುಡದಂತೆ ನೋಡಿಕೊಳ್ಳುವುದು ಜಾಸ್ತಿ ಮುಖ್ಯ ಅಂತ ನಾನು ನಂಬಿದ್ದೇನೆ.

ನಮ್ಮ ಗುಂಪಿನಲ್ಲಿ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನಿದ್ದಾನೆ, ನರ್ಸ್ ಇದ್ದಾಳೆ, ಹೈಸ್ಕೂಲು ಮಾಸ್ತರಿದ್ದಾರೆ. ಹೋಟೆಲಿನಲ್ಲಿ ಕೂತು ಹರಟುವಾಗ ಗೊತ್ತಾಗದ ಗುಣ ಹೊಲದಲ್ಲಿ ಗೊತ್ತಾಗುತ್ತದೆ. ಬಾಯಿ ಬಿಡದ ಹುಡುಗ ಎಲ್ಲರಿಗೂ ನೀರು ಹೊತ್ತು ತರುತ್ತಾನೆ. ಬದುವಿನ ಮೇಲೆ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಹಂಚಿಕೊಂಡು ತಿಂದವರ ನಡುವೆ ಆಮೇಲೆ ಮುಚ್ಚುಮರೆ ಇರುವುದಿಲ್ಲ.

ಇನ್ನು ಜನವರಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ದೂರದಿಂದಲೂ ಗುರುತು ಹತ್ತುತ್ತದೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಎಲ್ಲರೂ ಹೆಮ್ಮೆಪಟ್ಟರು. ಆದರೆ ಈ ಹಕ್ಕಿಗಳು ಹಗಲು ಕೆರೆಯಲ್ಲಿ ಇರುತ್ತವೆ, ಮೇಯುವುದು ಸುತ್ತಲಿನ ರೈತರ ಹೊಲದಲ್ಲಿ. ಕಡಲೆ, ಶೇಂಗಾ ಹೊಲಕ್ಕೆ ಇಳಿದರೆ ನಷ್ಟ ಆಗುವುದು ಅವರಿಗೆ. ಆದರೂ ಅವು ವರ್ಷವರ್ಷವೂ ಬಂದು ಇಳಿಯುತ್ತವೆ ಅಂದ್ರೆ ಅದು ಆ ಜನರ ದೊಡ್ಡತನ. ಕ್ಯಾಮೆರಾ ಹಿಡಿದು ಬರುವವರು ಆ ಹೊಲಗಳ ಬೆಳೆ ತುಳಿಯದೆ, ಬದುವಿನ ಮೇಲೆ ನಡೆದರೂ ದೊಡ್ಡ ಉಪಕಾರ. ಜನವರಿಯಲ್ಲಿ ಏಷ್ಯಾದ ಎಷ್ಟೋ ದೇಶಗಳಲ್ಲಿ ನೀರಹಕ್ಕಿಗಳ ಗಣತಿ ನಡೆಯುತ್ತದೆ. ಅದಕ್ಕೆ ಸ್ವಯಂಸೇವಕರು ಬೇಕೇ ಬೇಕು. ಬೆಳಗಿನ ಜಾವದ ಚಳಿಯಲ್ಲಿ ದಂಡೆ ಮೇಲೆ ಕೂತು, ಹಿಂಡನ್ನು ಹತ್ತು ಹತ್ತಾಗಿ ಒಡೆದು ಎಣಿಸೋದು ಕಲಿತರೆ ಆಯಿತು. ಊರಿನ ಶಾಲೆಯ ಮಕ್ಕಳು ನಮಗಿಂತ ಚುರುಕಾಗಿ ಎಣಿಸುತ್ತಾರೆ, ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಒಂದು ದಿನ ಬಂದು ಹೋದರೆ ರೈತರ ಸಾಲ ತೀರುತ್ತಾ ಅಂತ ಕೇಳುವವರಿದ್ದಾರೆ. ತೀರಲ್ಲ. ಬೆಲೆ, ಮಳೆ, ವಿಮೆ, ಇವುಗಳ ವಿಷಯದಲ್ಲಿ ಸರ್ಕಾರ ಮಾಡಬೇಕಾದ್ದನ್ನು ನಾವು ಮಾಡೋಕೆ ಆಗಲ್ಲ. ಆದರೆ ಮಳೆ ಬರುವ ಮೊದಲು ಎರಡೆಕರೆ ಹೆಸರು ಮನೆ ಸೇರಿದರೆ ಆ ಒಂದು ಮನೆಗೆ ಅದು ಸಣ್ಣ ವಿಷಯವಲ್ಲ, ಅಲ್ವಾ?

ಈ ಆಗಸ್ಟ್‌ನಲ್ಲಿ ಬರುವವರು ನನಗೆ ಮೆಸೇಜ್ ಮಾಡಿ. ಮಳೆ ನೋಡಿಕೊಂಡು ಹಿಂದಿನ ದಿನ ರಾತ್ರಿಯಷ್ಟೇ ತಿಳಿಸೋಕೆ ಆಗುತ್ತದೆ, ಅದಕ್ಕೆ ತಯಾರಿರಬೇಕು. ತುಂಬು ತೋಳಿನ ಅಂಗಿ, ಟೋಪಿ, ನಿಮ್ಮದೇ ನೀರಿನ ಬಾಟಲಿ, ಒಂದು ಸ್ಟೀಲ್ ತಾಟು ತನ್ನಿ. ಮಧ್ಯಾಹ್ನದವರೆಗೆ ಹೊಲ. ಅನುಮತಿ ಸಿಕ್ಕರೆ ಆಮೇಲೆ ಗುಡ್ಡ. ಊಟ ಊರಲ್ಲೇ, ಆದರೆ ಹಿಟ್ಟು, ಬೇಳೆ, ಎಣ್ಣೆ ನಾವೇ ಒಯ್ಯುತ್ತೇವೆ.