ಕರೆಂಟಿಗೆ ವಿಚಾರಣೆ ಇದೆ, ನೀರಿಗೆ ಬರೀ ಠರಾವು

ನಮ್ಮ ಊರಿನಲ್ಲಿ ನಳದ ನೀರಿನ ದರ ಹತ್ತಿರಹತ್ತಿರ ದುಪ್ಪಟ್ಟಾಗಿದೆ. ಜೊತೆಗೆ ಒಳಚರಂಡಿ ಶುಲ್ಕ ಅಂತ ಬಿಲ್ಲಿಗೆ ಹೊಸದೊಂದು ಸಾಲು ಸೇರಿದೆ. ಕೊಪ್ಪಳ ಜಿಲ್ಲೆಯ ಸಣ್ಣ ಪಟ್ಟಣ ನಮ್ಮದು. ಹೆಸರು ಬರೆಯಲ್ಲ, ಇದನ್ನು ಓದುವ ಅರ್ಧ ಜನಕ್ಕೆ ಹೇಗೂ ಗೊತ್ತು. ಯಾವ ಲೆಕ್ಕದ ಮೇಲೆ ಏರಿಸಿದರು ಅಂತ ನೀರು ಕೊಡುವ ನಮ್ಮ ಸ್ಥಳೀಯ ಸಂಸ್ಥೆಯ ಕೌಂಟರಿನಲ್ಲಿ ಕೇಳಿದೆ. "ಠರಾವು ಆಗೇತ್ರೀ ಸರ್, ಕಟ್ಟಬೇಕು ಅಷ್ಟ" ಅಂದ ಹುಡುಗ. ಠರಾವು ಅಂದರೆ ಸಭೆಯ ನಿರ್ಣಯ. ಅವನನ್ನು ಬೈದು ಏನು ಪ್ರಯೋಜನ? ಅವನ ಹತ್ತಿರ ಇದ್ದ ಉತ್ತರವೇ ಅಷ್ಟು.

ಮೊದಲೇ ಹೇಳಿಬಿಡುತ್ತೇನೆ, ದರ ಏರಿಸಲೇಬಾರದು ಅನ್ನುವವರ ಪೈಕಿ ನಾನಲ್ಲ. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಕರೆಂಟ್ ಬಿಲ್, ಬ್ಲೀಚಿಂಗ್ ಪೌಡರ್, ನೀರು ತಿಳಿ ಮಾಡುವ ಆಲಂ, ಆಳುಗಳ ಪಗಾರ ಎಲ್ಲ ಏರಿರುವುದು ಗೊತ್ತು. ಹೊಳೆ ನೀರು ತಾನಾಗಿಯೇ ಟ್ಯಾಂಕ್ ಹತ್ತಲ್ಲ. 20 ಲೀಟರ್ ಕ್ಯಾನಿಗೆ ಮರುಮಾತಿಲ್ಲದೆ ದುಡ್ಡು ಎಣಿಸುವವರು ನಳದ ನೀರು ಮಾತ್ರ ಪುಕ್ಕಟೆ ಬೇಕು ಅಂದರೆ ನನಗೂ ಸಿಟ್ಟು ಬರುತ್ತದೆ. ನನ್ನ ತಕರಾರಿರುವುದು ಏರಿಸಿದ ರೀತಿಯ ಬಗ್ಗೆ.

ಕರೆಂಟಿನ ವಿಷಯ ನೋಡಿ. ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. 1999ರಿಂದ ಇರುವ ಆಯೋಗ ಇದು. ಅರ್ಜಿಯ ಸಾರಾಂಶ ಪೇಪರಿನಲ್ಲಿ ಬರಬೇಕು. ಗ್ರಾಹಕರು ಆಕ್ಷೇಪಣೆ ಕೊಡಬಹುದು, ಅದಕ್ಕೆ ಕಂಪನಿ ಉತ್ತರ ಬರೆಯಬೇಕು, ಆಮೇಲೆ ಬಹಿರಂಗ ವಿಚಾರಣೆ. 2003ರ ವಿದ್ಯುತ್ ಕಾಯ್ದೆ ಪ್ರಕಾರ 120 ದಿನದೊಳಗೆ ಆದೇಶ ಆಗಬೇಕು. ಆ ಆದೇಶ ತೆಗೆದು ನೋಡಿದರೆ ಯಾರು ಏನು ಕೇಳಿದರು, ಕಂಪನಿ ಏನಂದಿತು, ಆಯೋಗ ಯಾವುದನ್ನು ಒಪ್ಪಿತು, ಎಲ್ಲ ಸಿಗುತ್ತದೆ. ಇಷ್ಟಾದ ಮೇಲೂ ದರ ಏರುತ್ತದೆ ಬಿಡಿ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಹೆಸರಿನಲ್ಲಿ ಯೂನಿಟ್ಟಿಗೆ 36 ಪೈಸೆ ಸೇರಿಸಿದ್ದು ನೆನಪಿದೆ ಅಲ್ವಾ? ಅದು ನನಗೆ ಇಷ್ಟವಿಲ್ಲ. ಆದರೂ ಆ 36 ಪೈಸೆ ಯಾತಕ್ಕೆ ಅಂತ ಗೊತ್ತಿದೆ. ಬೈಯಲಿಕ್ಕೂ ಕೈಯಲ್ಲಿ ಒಂದು ಕಾಗದ ಇದೆ.

ತಮಾಷೆ ಏನೆಂದರೆ, ನಮ್ಮೂರಿಗೆ ನೀರೆತ್ತುವ ಪಂಪಿನ ಕರೆಂಟಿಗೂ ಇದೇ ಆಯೋಗ ದರ ಕಟ್ಟುತ್ತದೆ. ದರಪಟ್ಟಿಯಲ್ಲಿ ನೀರು ಸರಬರಾಜಿಗೆ ಅಂತಲೇ ಬೇರೆ ವರ್ಗ ಇದೆ. ಪಂಪ್ ತಿರುಗಿಸುವ ಯೂನಿಟ್ಟಿನ ಬೆಲೆಗೆ ವಿಚಾರಣೆ ಉಂಟು, ಆ ಪಂಪ್ ಎತ್ತಿದ ನೀರಿನ ಬೆಲೆಗೆ ಇಲ್ಲ. ಬೆಂಗಳೂರಿನ ಕಥೆಯೂ ಇದೇ. ನೀರಿನ ದರ 2014ರ ನಂತರ 2025ರಲ್ಲಿ ಏರಿಸಿದರು, ಮುಂದೆ ವರ್ಷವರ್ಷ 3% ಏರಿಕೆಯನ್ನೂ ಅದರಲ್ಲೇ ಸೇರಿಸಿಬಿಟ್ಟರು.

ನನ್ನ ತಂಗಿಯ ಮಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ಅವನ ಕಾಲೊನಿಗೆ ನೀರು ಕೊಡುವುದು, ಕೊಳಚೆ ಒಯ್ಯುವುದು ಎರಡೂ ಒಂದು ಸಣ್ಣ ಖಾಸಗಿ ಕಂಪನಿ. ಅದು ದರ ಏರಿಸಲು ಹೊರಟಾಗ ಮನೆಮನೆಗೆ ನೋಟಿಸ್ ಬಂತು: ಗ್ರಾಹಕರ ಸಭೆ ಇದೆ, ಬಂದು ಮಾತಾಡಿ ಅಂತ. "ಮಾಮಾ, ನಿಮಗೆ ಇಂಥದ್ದೆಲ್ಲ ಓದೋ ಹುಚ್ಚು, ನೋಡಿ" ಅಂತ ಕಳಿಸಿದ. ನಿಜವಾಗಿಯೂ ಹುಚ್ಚು ಹಿಡಿಯಿತು. ಅಲ್ಲಿ ಪಬ್ಲಿಕ್ ಸರ್ವಿಸ್ ಕಮಿಷನ್ ಅಂತ ಇದೆ. ತೀರಾ ಸಣ್ಣ ಕಂಪನಿಗೆ ವಕೀಲರು, ಆಡಿಟರ್‌ಗಳನ್ನು ಇಡಲು ಕೈಲಾಗದಿದ್ದರೆ ಕಮಿಷನ್ನಿನ ಸಿಬ್ಬಂದಿಯೇ ಕೂತು ಅದರ ಪುಸ್ತಕ ತೆಗೆದು ಲೆಕ್ಕ ಮಾಡಿಕೊಡುತ್ತಾರೆ. ಗ್ರಾಹಕರ ಪರ ವಾದಿಸಲು ಸರ್ಕಾರದ್ದೇ ಬೇರೊಂದು ಕಚೇರಿ ಇದೆ. ದರ ಏರಿಸುವ ಈ ಕೆಲಸಕ್ಕೆ ಆದ ಖರ್ಚನ್ನೂ ಗ್ರಾಹಕರಿಂದಲೇ ವಸೂಲು ಮಾಡುತ್ತಾರೆ, ಅದು ಬೇರೆ ಮಾತು. ಅದನ್ನು 4 ವರ್ಷಕ್ಕೆ ಹಂಚಬೇಕು, 4 ವರ್ಷ ಮುಗಿದ ಮೇಲೆ ಅಷ್ಟು ದರ ಇಳಿಸಬೇಕು. ಏರಿದ್ದು ಇಳಿಯುತ್ತದೆ ಅನ್ನುವುದನ್ನು ನಾನು ಎರಡು ಸಲ ಓದಿದೆ.

ನನಗೆ ತುಂಬಾ ಹಿಡಿಸಿದ್ದು ಸೋರಿಕೆಯ ನಿಯಮ. ಎತ್ತಿದ ನೀರಿನಲ್ಲಿ 10%ರವರೆಗೆ ಲೆಕ್ಕಕ್ಕೆ ಸಿಗದಿದ್ದರೆ ಬಿಡುತ್ತಾರೆ. ಅದಕ್ಕಿಂತ ಜಾಸ್ತಿ ಸೋರಿದರೆ, ಆ ಹೆಚ್ಚಿನ ನೀರಿಗೆ ತಗಲಿದ ಕರೆಂಟು ಮತ್ತು ಔಷಧಿ ಖರ್ಚನ್ನು ದರದಲ್ಲಿ ಸೇರಿಸಲು ಬಿಡಲ್ಲ. ಸೋರಿಸಿದವರೇ ಹೊರಬೇಕು.

ಈಗ ನಮ್ಮ ಓಣಿಗೆ ಬನ್ನಿ. ಮೂಲೆಯಲ್ಲಿ ಒಂದು ವಾಲ್ವ್ ಗುಂಡಿ ಇದೆ. ವಾಲ್ವ್‌ಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದಾರೆ. ನೀರು ಬಿಟ್ಟ ದಿನ ನಮ್ಮ ಕೊಡಕ್ಕಿಂತ ಮೊದಲು ಆ ಗುಂಡಿ ತುಂಬಿ ರಸ್ತೆಗೆ ಹರಿಯುತ್ತದೆ. ಎಮ್ಮೆ ಕುಡಿಯುತ್ತವೆ, ಹುಡುಗರು ಬೈಕ್ ತೊಳೆಯುತ್ತಾರೆ. ನೀರು ನಿಂತ ಮೇಲೆ ಪೈಪು ಖಾಲಿಯಾಗಿ ಅದೇ ರಾಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ಮೊದಲ ನಾಲ್ಕು ಕೊಡ ಚೆಲ್ಲಿ ಆಮೇಲೆ ಹಿಡಿಯುತ್ತೇವೆ. ಕೆಟ್ಟ ನೀರು ಅಂದರೆ ಏನು ಅಂತ ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಫ್ಲೋರಿಡಾದಲ್ಲಿ ದರದ ಅರ್ಜಿ ಬಂದಾಗ ನೀರಿನ ಗುಣಮಟ್ಟವನ್ನೂ ಜೊತೆಗೇ ನೋಡುತ್ತಾರೆ, ಸೇವೆ ಸರಿಯಿಲ್ಲದಿದ್ದರೆ ಕಂಪನಿಯ ಲಾಭ ಕತ್ತರಿಸುವ ಅಧಿಕಾರ ಇದೆ. ನಮ್ಮಲ್ಲಿ ದರದ ಫೈಲು ಒಂದು ಟೇಬಲ್ಲಿನಲ್ಲಿ, ನೀರಿಗೆ ಹಾಕಿದ ಕ್ಲೋರಿನ್ ಬರೆದಿಡುವ ಪುಸ್ತಕ ಇನ್ನೊಂದರಲ್ಲಿ.

ಎಷ್ಟು ಸೋರುತ್ತದೆ ಅಂತ ಹೇಳಲು ಮೀಟರೇ ಇಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಮಾನದಂಡ ಬರೆದಿಟ್ಟಿದೆ: ಎಲ್ಲ ಮನೆಗೂ ಮೀಟರ್, ಲೆಕ್ಕ ತಪ್ಪುವ ನೀರು 20% ಮೀರಬಾರದು, ಖರ್ಚು ಪೂರ್ತಿ ವಸೂಲಾಗಬೇಕು. ನಮ್ಮವರು ಮೂರನೆಯದನ್ನು ಮಾತ್ರ ಓದಿದ ಹಾಗಿದೆ. ಎರಡು ಕೋಣೆಯ ಮನೆಗೂ, ಸಂಪು ತೋಡಿ ಕಾರು ತೊಳೆಯುವ ಮನೆಗೂ ಒಂದೇ ದರ.

ಒಳಚರಂಡಿಯ ಮಾತು ಆಡುವುದೇ ಬೇಡ. ಪೈಪು ಹೂತರು, ಕಾಂಕ್ರೀಟ್ ಹಾಕಿದರು, ಮನೆಗೆ ಕನೆಕ್ಷನ್ ಕೊಡಲಿಲ್ಲ, ಶುಲ್ಕ ಬಂತು. ಶೌಚದ ಗುಂಡಿ ತುಂಬಿದಾಗ ಇವತ್ತಿಗೂ ಸಕ್ಕಿಂಗ್ ಗಾಡಿ ಕರೆಸುತ್ತೇವೆ, ಅದಕ್ಕೆ ಬೇರೆ ದುಡ್ಡು.

ಗೆಳೆಯರೊಬ್ಬರು ಒಳ್ಳೆಯ ಪ್ರಶ್ನೆ ಹಾಕಿದರು. "ಅಲ್ಲಿ ಖಾಸಗಿ ಕಂಪನಿ, ಲಾಭ ಹೊಡೀತಾರೆ ಅಂತ ಕಾವಲು. ಇಲ್ಲಿ ನಾವೇ ಆರಿಸಿದ ಮೆಂಬರ್‌ಗಳಿದ್ದಾರಲ್ಲ?" ಸರಿಯಾದ ಮಾತು. ಫ್ಲೋರಿಡಾದಲ್ಲೂ ನಗರಸಭೆಗಳೇ ನಡೆಸುವ ನೀರು ಆ ಕಮಿಷನ್ ಕೆಳಗೆ ಬರುವುದಿಲ್ಲ. ಆದರೆ ನಮ್ಮಲ್ಲಿ ಅಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ ತಿಂಗಳುಗಟ್ಟಲೆ ಆಡಳಿತಾಧಿಕಾರಿಯೇ ನಡೆಸುವುದನ್ನು ಎಷ್ಟು ಸಲ ನೋಡಿಲ್ಲ? ಆಗ ಯಾವ ಮೆಂಬರನ್ನು ಕೇಳುವುದು? ಮೆಂಬರ್ ಇದ್ದಾಗಲೂ ಅವರ ಮುಂದೆ ಬರುವುದು ಅರ್ಧ ಪುಟದ ಟಿಪ್ಪಣಿ. ಅದರಲ್ಲಿ "ನಿರ್ವಹಣಾ ವೆಚ್ಚ ಹೆಚ್ಚಾಗಿರುವುದರಿಂದ" ಅಂತ ಒಂದು ಸಾಲು.

ಪ್ರತಿ ಪಟ್ಟಣಕ್ಕೂ ಆಯೋಗ ಬೇಕು ಅಂತ ನಾನು ಹೇಳುತ್ತಿಲ್ಲ. ರಾಜ್ಯಕ್ಕೆ ಒಂದು ಸಾಕು, ಅದು ಆದಾಗ ಆಗಲಿ. ಅಲ್ಲಿಯವರೆಗೆ ಠರಾವಿಗೆ ಮೊದಲು ಒಂದು ತಿಂಗಳು ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ, ಒಂದು ಸಂಜೆ ಜನರನ್ನು ಕೂರಿಸಿ ಉತ್ತರ ಕೊಡಲಿ. ಇದಕ್ಕೆ ಹೊಸ ಕಾನೂನು ಏನೂ ಬೇಕಾಗಿಲ್ಲ, ಸುಮ್ನೆ ಮನಸ್ಸು ಬೇಕು.

ನಾನಂತೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇನೆ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. (ಈ ಪೋಸ್ಟ್ ನೋಡಿದರೆ ನನಗೆ ಅದೆಷ್ಟು ಕಷ್ಟ ಅಂತ ಗೊತ್ತಾಗುತ್ತದೆ.) ಪಂಪ್‌ಹೌಸಿನ ಲಾಗ್‌ಬುಕ್ ಪ್ರತಿ, ಅದೇ ಅವಧಿಯ ಕರೆಂಟ್ ಬಿಲ್ಲು, ನೀರಿನ ಬಿಲ್ಲಿನ ಬೇಡಿಕೆ ಮತ್ತು ವಸೂಲಿ ಕೇಳುತ್ತಿದ್ದೇನೆ. ಪಂಪ್ ಓಡಿದ ಗಂಟೆ ಸಿಕ್ಕರೆ ಎಷ್ಟು ನೀರು ಎತ್ತಿದರು ಅಂತ ಅಂದಾಜು ಕಟ್ಟುವುದು ದೊಡ್ಡ ವಿದ್ಯೆಯೇನಲ್ಲ. ನಿಮ್ಮ ಮನೆಯಲ್ಲಿ ಹಳೇ ನೀರಿನ ಬಿಲ್ಲು, ಪಾವತಿ ಇದ್ದರೆ ಹೆಸರು ಮುಚ್ಚಿ ಫೋಟೋ ಹೊಡೆದು ಕಳಿಸಿ. ಐದಾರು ವರ್ಷದ ಹಿಂದಿನದಾದರೂ ನಡೆಯುತ್ತದೆ.