ಸ್ಕೇಟಿಂಗ್ ಕಲಿತ ಮಗುವನ್ನು ಐಸ್ ಹಾಕಿಗೆ ಕಳಿಸಬಹುದಾ?

ಪರ

ಮೈಸೂರಿನಲ್ಲಿ ಐಸ್ ಎಲ್ಲಿದೆ ಅಂತ ಯಾರಾದರೂ ಕೇಳಬಹುದು. ಐಸ್ ಇಲ್ಲದಿದ್ದರೇನು, ಚಕ್ರದ ಸ್ಕೇಟ್ ಕಟ್ಟಿಕೊಂಡು ಓಡುವ ಮಕ್ಕಳಿದ್ದಾರೆ. ಅವರಲ್ಲಿ ಯಾರಿಗಾದರೂ ಲಡಾಖ್‌ನ ಶಿಬಿರಕ್ಕೆ ಹೋಗಿ ಐಸ್ ಹಾಕಿ ಆಡುವ ಆಸೆ ಬಂದರೆ ಸುಮ್ನೆ ಹೆದರಿಸಿ ಕೂರಿಸಬಾರದು.

ಅಪಾಯ ಇದೆ, ನಿಜ. ಆದರೆ ಈ ಆಟ ತಿಂದ ಪೆಟ್ಟಿನಿಂದ ಕಲಿತಿದೆ. 1968ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಆಟಗಾರ ಬಿಲ್ ಮಾಸ್ಟರ್ಟನ್ ಹೆಲ್ಮೆಟ್ ಇಲ್ಲದೆ ಆಡುವಾಗ ತಲೆ ಐಸ್‌ಗೆ ಬಡಿದು ತೀರಿಕೊಂಡರು. 1979ರಲ್ಲಿ ಎನ್‌ಎಚ್‌ಎಲ್ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. 2023ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ಆಟಗಾರ ಆಡಂ ಜಾನ್ಸನ್ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಗುಲಿ ಸತ್ತರು. ಆಮೇಲೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ತನ್ನ ಪಂದ್ಯಗಳಲ್ಲಿ ನೆಕ್ ಗಾರ್ಡ್ ಕಡ್ಡಾಯ ಮಾಡಿತು.

ಮಕ್ಕಳಿಗೆ ಇನ್ನೂ ದೊಡ್ಡ ರಕ್ಷಣೆ ನಿಯಮದಲ್ಲೇ ಇದೆ. ಎದುರಾಳಿಗೆ ಮೈಯಿಂದ ಗುದ್ದುವ ಬಾಡಿ ಚೆಕಿಂಗನ್ನು ಕೆನಡಾ 2013ರಲ್ಲಿ 11-12 ವಯಸ್ಸಿನವರ ಆಟದಿಂದ ತೆಗೆಯಿತು. ಅಲ್ಲಿನ ಆಲ್ಬರ್ಟಾ ಪ್ರಾಂತ್ಯದಲ್ಲಿ ಆ ವಯಸ್ಸಿನವರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಗುದ್ದಾಟ ಇಲ್ಲದ ಕಡೆ ಕಳಿಸಿ. ಮಕ್ಕಳು ಆಡಲಿ.

ವಿರೋಧ

ಮಾಸ್ಟರ್ಟನ್ ಸತ್ತು ಹೆಲ್ಮೆಟ್ ಬರಲು ಹನ್ನೊಂದು ವರ್ಷ ಬೇಕಾಯಿತು. ಆಟ ಪಾಠ ಕಲಿಯುವವರೆಗೂ ನಮ್ಮ ಮಕ್ಕಳು ಬೆಲೆ ತೆರಬೇಕಾ?

ಕೈ ಮುರಿದರೆ ಕೂಡುತ್ತದೆ. ತಲೆಯ ವಿಷಯ ಬೇರೆ. ಹೆಲ್ಮೆಟ್ ಬುರುಡೆಯನ್ನು ಕಾಪಾಡುತ್ತದೆ, ಒಳಗೆ ಮೆದುಳು ಅಲುಗಾಡುವುದನ್ನು ತಡೆಯಲಾರದು. ಬಿದ್ದ ಹುಡುಗ ಎದ್ದು, ಐಸ್ ಕೊಡವಿಕೊಂಡು, 'ಏನೂ ಆಗಿಲ್ಲ ಸರ್' ಅನ್ನುತ್ತಾನೆ. ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಆಮೇಲೆ ಟ್ಯೂಬ್‌ಲೈಟ್ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಮಗ್ಗಿ ಅರ್ಧಕ್ಕೇ ಮರೆತುಹೋಗುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ಇದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಮೆದುಳು ಊದಿಕೊಂಡು ಜೀವವೇ ಹೋಗಬಹುದು. ಅಪರೂಪ, ಆದರೆ ಆಗುವುದು ಹೆಚ್ಚಾಗಿ ಎಳೆಯರಿಗೇ.

ಬಾಡಿ ಚೆಕಿಂಗ್ ತೆಗೆದರೂ ಜಾರುವ ನೆಲ, ಅಂಕಣದ ಸುತ್ತಲಿನ ಗಟ್ಟಿ ಗೋಡೆ, ವೇಗ ಎಲ್ಲಿ ಹೋಗುತ್ತವೆ? 1995ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಟ್ರಾವಿಸ್ ರಾಯ್ ತನ್ನ ಮೊದಲ ಪಂದ್ಯದಲ್ಲಿ, ಅಂಕಣಕ್ಕಿಳಿದು ಬರೀ 11 ಸೆಕೆಂಡಿಗೆ, ತಲೆ ಮುಂದಾಗಿ ಗೋಡೆಗೆ ಬಡಿದ. ಕುತ್ತಿಗೆ ಮೂಳೆ ಮುರಿಯಿತು. 2020ರಲ್ಲಿ ಸಾಯುವವರೆಗೂ ಗಾಲಿಕುರ್ಚಿಯಲ್ಲೇ ಬದುಕಿದ.

ಲಡಾಖ್‌ನ ಲೇಹ್‌ನಲ್ಲಿ ಇನ್ನೊಂದು ತೊಡಕಿದೆ, ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಊರು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ಕಡೆಯಿಂದ ಹೋದವರಿಗೆ ತಲೆನೋವು, ತಲೆಸುತ್ತು, ವಾಂತಿ, ನಿದ್ದೆ ಬಾರದಿರುವುದು ಎಲ್ಲ ಮಾಮೂಲು. ಮೆದುಳಿಗೆ ಪೆಟ್ಟಾದಾಗಲೂ ಇವೇ ಲಕ್ಷಣಗಳು. 'ಹವಾ ಒಗ್ಗಿಲ್ಲ, ಸರಿಹೋಗುತ್ತೆ ಬಿಡು' ಅಂದು ಮಾತ್ರೆ ಕೊಟ್ಟು ಮತ್ತೆ ಆಟಕ್ಕಿಳಿಸಿದರೆ?

ಅಷ್ಟು ದುಡ್ಡು ಹಾಕಿ ಅಷ್ಟು ದೂರ ಹೋದ ಮಗು 'ತಲೆ ನೋಯುತ್ತಿದೆ, ಆಡಲ್ಲ' ಅನ್ನುವುದೂ ಕಷ್ಟ ಅಲ್ವಾ? ಅಪ್ಪ ಅಮ್ಮ ಇರುವುದು ಮೈಸೂರಿನಲ್ಲಿ. ಹಾಗಾಗಿ ಕೋಚ್ ಬೇಡವೆಂದರೂ ಮಗುವನ್ನು ಹೊರಗೆ ಕೂರಿಸುವ ಅಧಿಕಾರವಿರುವ ಡಾಕ್ಟರ್ ಒಬ್ಬರು ಐಸ್ ಅಂಕಣದ ಪಕ್ಕದಲ್ಲೇ ಇರಬೇಕು. ಅಂಥವರು ಇಲ್ಲದ ಶಿಬಿರಕ್ಕೆ ಮಕ್ಕಳನ್ನು ಕಳಿಸಬೇಡಿ.