ಮೂವತ್ತಕ್ಕೆ ಒಂದು ಕಡಿಮೆ

ಬೇಸಿಗೆ ರಜೆ ಎಂಬುದು ಮಕ್ಕಳಿಗೆ ಶಾಲೆಯಿಂದ ಸಿಗುವ ಬಿಡುವು ಎಂದು ನಾನು ಬಹಳ ವರ್ಷ ತಪ್ಪಾಗಿ ತಿಳಿದುಕೊಂಡಿದ್ದೆ. ನಮ್ಮ ಭಾಗದ ವಿಜ್ಞಾನ ಕೇಂದ್ರವೊಂದರ ‘ಬೇಸಿಗೆ ಗುಂಪು ಭೇಟಿ’ಯ ಸುತ್ತೋಲೆ ವಿಜಯಪುರದ ನಮ್ಮ ಓಣಿಗೆ ಬಂದು ತಲುಪಿದ ಮೇಲೆ ನನ್ನ ಕಣ್ಣು ತೆರೆಯಿತು. ರಜೆಯಲ್ಲಿ ಮಕ್ಕಳು ವಿಜ್ಞಾನವನ್ನೂ ತಾರಾಲಯವನ್ನೂ ಸ್ವಚ್ಛಂದವಾಗಿ ಸವಿಯಲಿ ಎಂಬ ಸದುದ್ದೇಶದಿಂದ ಟಿಕೆಟ್ ದರದಲ್ಲಿ ಅರ್ಧದಷ್ಟು ರಿಯಾಯಿತಿ ನೀಡಲಾಗಿದೆ ಎಂದು ಅದರ ಮೊದಲ ಸಾಲು ಹೇಳುತ್ತಿತ್ತು. ಎರಡನೆಯ ಸಾಲಿನಿಂದ ಹದಿನಾಲ್ಕನೆಯ ಸಾಲಿನವರೆಗೆ ಆ ಸ್ವಚ್ಛಂದದ ನಿಯಮಗಳಿದ್ದವು. ಗುಂಪು ಎಂದರೆ ಕನಿಷ್ಠ 30 ಮಕ್ಕಳು. 29 ಆದರೆ ಅದು ಗುಂಪಲ್ಲ, ಬಿಡಿ ಸಂದರ್ಶಕರು. ಮಕ್ಕಳು ಶಾಲೆಯ ಸಮವಸ್ತ್ರದಲ್ಲಿರಬೇಕು, ಗುರುತಿನ ಚೀಟಿ ಕೊರಳಲ್ಲಿರಬೇಕು, ಮತ್ತು ಮುಖ್ಯೋಪಾಧ್ಯಾಯರ ಸಹಿ, ಮೊಹರುಗಳುಳ್ಳ ಪತ್ರ ಶಾಲೆಯ ಲೆಟರ್‌ಹೆಡ್‌ನಲ್ಲಿಯೇ ಏಳು ದಿನ ಮೊದಲು ತಲುಪಬೇಕು.

ನಮ್ಮಲ್ಲಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗೆ ಬೀಗ ಬಿದ್ದರೆ ಅದು ತೆರೆಯುವುದು ಮೇ ತಿಂಗಳ ಕೊನೆಗೆ. ಅಂದರೆ ಶಾಲೆ ಮುಚ್ಚಿರುವ ಕಾಲದಲ್ಲಿ ಮಾತ್ರ ಸಿಗುವ ರಿಯಾಯಿತಿಯನ್ನು ತೆರೆದಿರುವ ಶಾಲೆಯ ಮೂಲಕವೇ ಪಡೆಯಬೇಕು. ಮೊಹರು ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಗುಮಾಸ್ತರ ಬಳಿ ಇತ್ತು, ಗುಮಾಸ್ತರು ಬಾಣಂತನಕ್ಕೆ ಬಂದ ಮಗಳನ್ನು ಮರಳಿ ಬಿಡಲು ಸೊಲ್ಲಾಪುರಕ್ಕೆ ಹೋಗಿದ್ದರು. ಇನ್ನು ಓಣಿಯ ಮಕ್ಕಳಲ್ಲಿ ಹನ್ನೊಂದು ಮಂದಿ ಏಳನೆಯ ತರಗತಿ ಮುಗಿಸಿ, ಪ್ರಾಥಮಿಕ ಶಾಲೆಯಿಂದ ಟಿ.ಸಿ. ಪಡೆದು, ಹೈಸ್ಕೂಲಿಗೆ ಜೂನ್‌ನಲ್ಲಿ ಸೇರಬೇಕಾದವರು. ಇವರನ್ನು ಯಾವ ಶಾಲೆಯ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಫೋನಿನಲ್ಲಿ ಕೇಳಿದೆ.

“ಹಂಗಾದ್ರ ಅವು ಸದ್ಯಕ್ಕ ವಿದ್ಯಾರ್ಥಿಗಳಲ್ರಿ” ಎಂದರು ಆ ಕಡೆಯವರು.

“ಮತ್ತ ಏನ್ರಿ?”

“ಸಾರ್ವಜನಿಕರು.”

ಹನ್ನೆರಡು ವರ್ಷದ ಹನ್ನೊಂದು ಸಾರ್ವಜನಿಕರನ್ನು ಮತ್ತೆ ವಿದ್ಯಾರ್ಥಿಗಳನ್ನಾಗಿ ಮಾಡಲು ಮುಖ್ಯೋಪಾಧ್ಯಾಯರನ್ನು ಅವರ ತಮ್ಮನ ಮದುವೆಯ ಚಪ್ಪರದಲ್ಲಿ ಹಿಡಿದು ಸಹಿ ಹಾಕಿಸಿಕೊಂಡದ್ದನ್ನು ವಿವರವಾಗಿ ಬರೆಯುವುದು ಬೇಡ. ಸಮವಸ್ತ್ರದ ವಿಚಾರವೂ ಅಷ್ಟೆ. ವರ್ಷದ ಕೊನೆಗೆ ಯಾವ ಮಗುವಿನ ಸಮವಸ್ತ್ರವೂ ಆ ಮಗುವಿಗೆ ಆಗುವುದಿಲ್ಲವೆಂಬ ಸಂಗತಿ ತಾಯಂದಿರಿಗೆ ಗೊತ್ತು, ಸುತ್ತೋಲೆಗೆ ಗೊತ್ತಿಲ್ಲ.

ನಮಗೆ ನಿಗದಿಯಾದ ದಿನಾಂಕ ಮೇ 7. ಈ ದಿನಾಂಕವನ್ನು ಕಂಡು ನನಗೆ ಸಣ್ಣ ಸಂಕಟವಾಯಿತು. ವಿಜಯಪುರ ಇರುವುದು ಭೂಮಧ್ಯ ರೇಖೆಯಿಂದ ಉತ್ತರಕ್ಕೆ ಹದಿನೇಳು ಡಿಗ್ರಿಗೆ ತುಸು ಕಡಿಮೆ ದೂರದಲ್ಲಿ. ಕರ್ಕಾಟಕ ಸಂಕ್ರಾಂತಿ ವೃತ್ತದ ಕಡೆಗೆ ಸಾಗುವ ಸೂರ್ಯ ಮೇ 7ರ ಆಸುಪಾಸಿನಲ್ಲಿ ನಮ್ಮ ನೆತ್ತಿಯನ್ನು ಹಾದುಹೋಗುತ್ತಾನೆ. ಅಂದು ಮಧ್ಯಾಹ್ನ ಸುಮಾರು 12 ಗಂಟೆ 24 ನಿಮಿಷಕ್ಕೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೋರಲು ಹಾಕಿದ ತಂಬಿಗೆಯ ನೆರಳು ತಂಬಿಗೆಯ ಕೆಳಗೇ ಅಡಗಿ ಕೂತಿರುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ವರ್ಷಕ್ಕೆ ಎರಡು ಸಲ ಬರುತ್ತದೆಯಾದರೂ ಆಗಸ್ಟ್ ಮೊದಲ ವಾರದ ಎರಡನೆಯ ಸಲಕ್ಕೆ ಮೋಡದ ಕಾಟವಿರುತ್ತದೆ. ರಜೆಯ ನಟ್ಟನಡುವೆ, ಬೋಳು ಆಕಾಶದ ಕೆಳಗೆ, ಪುಕ್ಕಟೆಯಾಗಿ ನಡೆಯುವ ಈ ಪ್ರಯೋಗವನ್ನು ಓಣಿಯಲ್ಲೇ ಮಕ್ಕಳಿಗೆ ತೋರಿಸಿ, ಭೇಟಿಯನ್ನು ಒಂದು ದಿನ ಮುಂದಕ್ಕೆ ಹಾಕಬಹುದೇ ಎಂದು ವಿಚಾರಿಸಿದೆ. ಟಿಕೆಟ್ ಇಲ್ಲದ, ಹಾಜರಾತಿ ಇಲ್ಲದ, ಬ್ಯಾನರ್ ಇಲ್ಲದ ಕಾರ್ಯಕ್ರಮವನ್ನು ವರದಿಯಲ್ಲಿ ಯಾವ ಕಲಮಿನ ಕೆಳಗೆ ತೋರಿಸಬೇಕು ಎಂಬ ಮರುಪ್ರಶ್ನೆ ಬಂದಿತು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾದರೆ ಹೋಗುವ ಮೊದಲು ಗೋಳಗುಮ್ಮಟವನ್ನಾದರೂ ಭೇಟಿಯ ಒಂದು ಭಾಗವಾಗಿ ಸೇರಿಸಿಕೊಳ್ಳಿ ಎಂದು ಬೇಡಿಕೊಂಡೆ. 1656ರ ಹೊತ್ತಿಗೆ ಮುಗಿದ ಆ ಕಟ್ಟಡದಲ್ಲಿ ಒಳಗಿನಿಂದ ಸುಮಾರು 38 ಮೀಟರ್ ಅಗಲದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ, ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳ ಮೇಲೆ ಕೂತಿದೆ. ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ದುಂಡನೆಯ ಗೋಡೆಯನ್ನೇ ಹಿಡಿದುಕೊಂಡು ಹೋಗಿ ಎದುರು ಬದಿಯವನ ಕಿವಿಗೆ ಬೀಳುತ್ತದೆ. ಧ್ವನಿವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೇ ಎಂದು ನನ್ನ ವಾದ. ಆದರೆ ಗೋಳಗುಮ್ಮಟ ಪುರಾತತ್ವ ಇಲಾಖೆಗೆ ಸೇರಿದ್ದು. ಆದಕಾರಣ ಅಲ್ಲಿ ಇತಿಹಾಸ ಮಾತ್ರ ಇರಲು ಸಾಧ್ಯ, ವಿಜ್ಞಾನವಿರಲು ಸಾಧ್ಯವಿಲ್ಲ. (ಪಿಸುಗುಟ್ಟುವ ಆ ಗ್ಯಾಲರಿಯಲ್ಲಿ ನಿಂತು ಎಲ್ಲರೂ ಸಿಳ್ಳೆ ಹಾಕಿ ಅರಚುವುದನ್ನು ಕಂಡವರು ಅಲ್ಲಿ ಇತಿಹಾಸವೂ ಇಲ್ಲವೆಂದು ಹೇಳಿಯಾರು, ಅದು ಬೇರೆ ಮಾತು.)

ಹೀಗೆ ಮೇ 7ರ ನಸುಕಿನಲ್ಲಿ ಮೂರು ಕ್ರೂಸರ್ ಗಾಡಿಗಳಲ್ಲಿ ಮೂವತ್ತು ಮಕ್ಕಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿಗಂಟುಗಳು ಮತ್ತು ಗುಂಪಿನ ಸಂಯೋಜಕನೆಂಬ ಬಿರುದು ಹೊತ್ತ ನಾನು ನಾಲ್ಕು ತಾಸಿನ ದಾರಿ ಸವೆಸಿ ವಿಜ್ಞಾನದ ಬಾಗಿಲಿಗೆ ಬಂದು ನಿಂತೆವು. ಬಾಗಿಲಲ್ಲಿ ನಮ್ಮನ್ನು ಎಣಿಸಿದರು. ಚೀಲ ಇಡುವಲ್ಲಿ ಎಣಿಸಿದರು. ಚಪ್ಪಲಿಗಳ ಜೋಡಿ ಎಣಿಸಿದರು. ಪ್ರತಿ ಸಭಾಂಗಣವನ್ನು ಹೊಗುವಾಗಲೂ ಹೊರಬೀಳುವಾಗಲೂ ಎಣಿಸಿದರು. ಭಾಸ್ಕರಾಚಾರ್ಯ ನಮ್ಮ ಊರಿನವನೆಂದು ನಾವು ಹೇಳಿಕೊಳ್ಳುತ್ತೇವೆ. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಆತ ಬರೆದುಕೊಂಡಿದ್ದಾನೆ, ಸಹ್ಯಾದ್ರಿ ನಮ್ಮಿಂದ ಸ್ವಲ್ಪ ದೂರವಿದೆ, ಆದರೂ ಅಭಿಮಾನಕ್ಕೆ ಅಂತರದ ಗೊಡವೆ ಇರುವುದಿಲ್ಲ. ಅಂಥ ಊರಿನ ಮಕ್ಕಳಿಗೆ ಆ ದಿನ ದೊರೆತ ಗಣಿತವೆಂದರೆ ತಾವು ಮೂವತ್ತು ಜನ ಇದ್ದೇವೆ ಎಂಬುದೊಂದೇ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಮೊದಲ ಸಭಾಂಗಣದಲ್ಲಿ ಎರಡು ದೊಡ್ಡ ಬಾಗಿದ ತಟ್ಟೆಗಳನ್ನು ಎದುರುಬದುರಾಗಿ ನಿಲ್ಲಿಸಿದ್ದರು. ಒಂದರ ಮುಂದೆ ನಿಂತು ಪಿಸುಗುಟ್ಟಿದರೆ ಇನ್ನೊಂದರ ಮುಂದೆ ನಿಂತವನಿಗೆ ಕೇಳಿಸಬೇಕು. ಗೋಳಗುಮ್ಮಟದ ನೆರಳಲ್ಲಿ ಬೆಳೆದ ಮಕ್ಕಳು ನಾಲ್ಕು ತಾಸು ಪಯಣಿಸಿ ಅದರ ಕಿರುಪ್ರತಿಯ ಮುಂದೆ ಸಾಲಾಗಿ ನಿಂತರು. ಅವರ ಹಿಂದೆ ಇನ್ನೂ ಮೂರು ಗುಂಪುಗಳಿದ್ದವು. ಗದ್ದಲ ಮಾಡಬಾರದೆಂದು ಕಾವಲುಗಾರರು ಎಡೆಬಿಡದೆ ಸೀಟಿ ಊದುತ್ತಿದ್ದರು. ತಟ್ಟೆಗಳು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ, ಸೀಟಿಯ ಸದ್ದನ್ನು ಒಂದಿಷ್ಟೂ ಸೋರದಂತೆ ಈ ತುದಿಯಿಂದ ಆ ತುದಿಗೆ ಮುಟ್ಟಿಸಿದವು.

ಕೈಯಿಂದ ಮುಟ್ಟಿ ಮಾಡಿ ನೋಡಲೆಂದೇ ಕಟ್ಟಿದ ವಸ್ತುಗಳ ಮೇಲೆಲ್ಲ ‘ಮುಟ್ಟಬೇಡಿರಿ’ ಎಂಬ ಚೀಟಿ ಇತ್ತು. ಗುಂಡಿ ಒತ್ತಿದರೆ ಗಾಳಿಯಲ್ಲಿ ಚೆಂಡು ತೇಲಬೇಕಾದ ಯಂತ್ರದಲ್ಲಿ ಚೆಂಡಿತ್ತು, ಗಾಳಿಯಿತ್ತು, ಗುಂಡಿಯನ್ನು ಒತ್ತಬೇಕಾದ ಸಿಬ್ಬಂದಿ ಊಟಕ್ಕೆ ಹೋಗಿದ್ದರು.

ನಡುವಿನ ಸಭಾಂಗಣದಲ್ಲಿ ಲೋಲಕವೊಂದು ಮೇಲ್ಛಾವಣಿಯಿಂದ ತೂಗಾಡುತ್ತಿತ್ತು. 1851ರಲ್ಲಿ ಫೂಕೊ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ, ಭೂಮಿ ತಿರುಗುವುದನ್ನು ಜನರ ಕಣ್ಣಿಗೆ ತೋರಿಸಿದ ಸಾಧನದ ಸಣ್ಣ ತಮ್ಮ ಅದು. ಗುಂಡು ತನ್ನ ಹಾದಿಯನ್ನು ಬದಲಿಸುವುದಿಲ್ಲ. ಕೆಳಗಿನ ನೆಲವೇ ತಿರುಗುವುದರಿಂದ ಹಾದಿ ಮೆಲ್ಲನೆ ವಾರೆಯಾದಂತೆ ಕಾಣುತ್ತದೆ. ಧ್ರುವದಲ್ಲಾದರೆ ಒಂದು ದಿನಕ್ಕೆ ಒಂದು ಸುತ್ತು, ಭೂಮಧ್ಯ ರೇಖೆಯ ಮೇಲೆ ಎಂದೆಂದಿಗೂ ಇಲ್ಲ, ನಮ್ಮ ಭಾಗದಲ್ಲಿ ಒಂದು ಸುತ್ತಿಗೆ ಸುಮಾರು ಮೂರೂವರೆ ದಿನ. ಇಂಥ ನಿಧಾನದ ದೇವರ ದರ್ಶನಕ್ಕೆ ಒಂದು ಗುಂಪಿಗೆ ನಿಗದಿಯಾದ ಅವಧಿ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲಿ ಲೋಲಕದ ಹಾದಿ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ಸರಿದಿರುತ್ತದೆ. “ಭೂಮಿ ತಿರುಗೋದು ಎಲ್ಲಾರಿಗೂ ಕಾಣಿಸ್ತಲ್ಲ?” ಎಂದು ಮಾರ್ಗದರ್ಶಿ ಕೇಳಿದರು. ಮೂವತ್ತು ಮಕ್ಕಳೂ “ಹೌದ್ರೀ ಸರ್” ಎಂದು ಒಕ್ಕೊರಲಿನಿಂದ ಕೂಗಿದರು. ಗೆಲಿಲಿಯೊಗೆ ಇಂಥ ಸಹಕಾರ ಸಿಕ್ಕಿರಲಿಲ್ಲ.

ಆಮೇಲೆ ಹದಿನೈದು ನಿಮಿಷದ ವಿರಾಮ. ಭಾಸ್ಕರಾಚಾರ್ಯನ ಗಣಿತಗ್ರಂಥ ಲೀಲಾವತಿಯಲ್ಲಿ ದುಂಬಿಗಳ ಲೆಕ್ಕವೊಂದಿದೆ: ಹಿಂಡಿನ ಐದನೆಯ ಒಂದು ಪಾಲು ಒಂದು ಹೂವಿಗೆ, ಮೂರನೆಯ ಒಂದು ಪಾಲು ಇನ್ನೊಂದಕ್ಕೆ, ಇವೆರಡರ ಅಂತರದ ಮೂರು ಪಟ್ಟು ಮಗದೊಂದಕ್ಕೆ ಹಾರಿದರೆ ಉಳಿದದ್ದೆಷ್ಟು ಎಂದು. ನನ್ನ ಹಿಂಡಿನ ಐದನೆಯ ಒಂದು ಪಾಲು, ಅಂದರೆ ಆರು ಮಕ್ಕಳು, ನೀರಿನ ನಲ್ಲಿಗೆ ಹೋದರು. ಮೂರನೆಯ ಒಂದು ಪಾಲಾದ ಹತ್ತು ಮಂದಿ ಹೊರಗಿನ ಸಿಮೆಂಟಿನ ಡೈನೊಸಾರಿನ ಬಾಲ ಹತ್ತಿದರು. ಅಂತರದ ಮೂರು ಪಟ್ಟು, ಹನ್ನೆರಡು ಮಂದಿ, ಗೇಟಿನಾಚೆಯ ಐಸ್‌ಕ್ರೀಮ್ ಗಾಡಿಯ ಸುತ್ತ ನೆರೆದರು. ಉಳಿದ ಇಬ್ಬರಲ್ಲಿ ಒಬ್ಬ ಬೆಂಚಿನ ಮೇಲೆ ಮಲಗಿಬಿಟ್ಟಿದ್ದ. ಇನ್ನೊಬ್ಬಳು, ಆರನೆಯ ತರಗತಿ ಮುಗಿಸಿದ ಹುಡುಗಿ, ಲೋಲಕದ ಕಟಕಟೆಯ ಬಳಿ ಬಗ್ಗಿ ನಿಂತಿದ್ದಳು. ಏನು ಮಾಡುತ್ತಿದ್ದಾಳೆಂದು ನೋಡಲು ನನಗೆ ಪುರುಸೊತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ.

ತಾರಾಲಯದ ಪ್ರದರ್ಶನ 12 ಗಂಟೆ 15 ನಿಮಿಷಕ್ಕೆ. ಕನ್ನಡದ ಪ್ರದರ್ಶನ ಬೆಳಿಗ್ಗೆಯೇ ಮುಗಿದಿದ್ದರಿಂದ ನಮಗೆ ಹಿಂದಿಯ ಆಕಾಶ ದೊರೆಯಿತು. ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ತಂಪು ಗಾಳಿ, ಹಿಂದಕ್ಕೆ ಒರಗುವ ಕುರ್ಚಿ, ಕತ್ತಲೆ. ಸ್ವಾಗತ, ವಂದನೆ, ಗಣ್ಯರ ಸಂದೇಶಗಳು ಮುಗಿಯುವಷ್ಟರಲ್ಲಿ ಅರ್ಧದಷ್ಟು ಮಕ್ಕಳಿಗೆ ನಿದ್ದೆ ಹತ್ತಿತ್ತು. 1923ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜೈಸ್ ಕಂಪನಿಯವರು ಮೊದಲ ಬಾರಿಗೆ ಗುಮ್ಮಟದೊಳಗೆ ನಕ್ಷತ್ರಗಳನ್ನು ಬೆಳಗಿಸಿ ತೋರಿಸಿದಾಗ ಜನ ಬೆರಗಾದದ್ದು ಸಹಜ. ನಮ್ಮ ಮಕ್ಕಳ ತೊಂದರೆಯೇ ಬೇರೆ. ಇವರು ಏಪ್ರಿಲ್, ಮೇ ತಿಂಗಳ ಸೆಕೆಗೆ ರಾತ್ರಿಯೆಲ್ಲ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವವರು. ಸಪ್ತರ್ಷಿ ಮಂಡಲದ ಬಾಲವನ್ನು ಹಿಡಿದು ಬಾಗಿದರೆ ಸ್ವಾತಿ, ಹಾಗೆಯೇ ಮುಂದುವರಿದರೆ ಚಿತ್ತಾ, ದಕ್ಷಿಣದ ಅಂಚಿನಲ್ಲಿ ತ್ರಿಶಂಕು, ಹೊತ್ತೇರಿದಂತೆ ಆಗ್ನೇಯದಿಂದ ಮೇಲೇಳುವ ಚೇಳು, ಅದರ ನಡುವೆ ಕೆಂಪಗಿನ ಜ್ಯೇಷ್ಠಾ. ಇವೆಲ್ಲವೂ ಅವರ ಕೌದಿಯ ನೇರಕ್ಕೇ ಇರುತ್ತವೆ, ಹೆಸರು ಹೇಳುವವರು ಪಕ್ಕದಲ್ಲಿ ಮಲಗಿರುವುದಿಲ್ಲ, ಅಷ್ಟೆ. ಹೆಸರು ಹೇಳುವ ಧ್ವನಿ ಇಲ್ಲಿ ಸಿಕ್ಕಿತು. ಆದರೆ ಆಕಾಶವನ್ನು ಕಂಡರೆ ಮಲಗಬೇಕೆಂಬುದು ಅವರ ಮೈಗೆ ಹತ್ತಿದ ಅಭ್ಯಾಸ.

ಸರಿಯಾಗಿ 12 ಗಂಟೆ 24 ನಿಮಿಷದ ಆಸುಪಾಸಿಗೆ ಪರದೆಯ ಮೇಲೆ ಶೂನ್ಯ ನೆರಳಿನ ದಿನದ ಅನಿಮೇಷನ್ ಚಿತ್ರ ಬಂತು. ಅದೇ ಕ್ಷಣದಲ್ಲಿ, ನಾಲ್ಕು ತಾಸು ದೂರದಲ್ಲಿ, ನಮ್ಮ ಅಂಗಳದ ತುಳಸಿಕಟ್ಟೆಯ ಮುಂದೆ ನಿಲ್ಲಿಸಿ ಬಂದಿದ್ದ ಕೋಲು ತನ್ನ ನೆರಳನ್ನು ನುಂಗಿಕೊಂಡು ಒಂಟಿಯಾಗಿ ನಿಂತಿದ್ದಿರಬೇಕು. ಕತ್ತಲೆಯಲ್ಲಿ ಕೂತಿದ್ದ ನಮ್ಮ ಮಕ್ಕಳಿಗೂ ಆ ಹೊತ್ತಿನಲ್ಲಿ ನೆರಳಿರಲಿಲ್ಲವೆಂಬುದನ್ನು ನ್ಯಾಯದ ದೃಷ್ಟಿಯಿಂದ ದಾಖಲಿಸುತ್ತೇನೆ.

ಪ್ರದರ್ಶನ ಮುಗಿದ ಮೇಲೆ ಬ್ಯಾನರಿನ ಮುಂದೆ ಗುಂಪು ಫೋಟೊ. ಎಣಿಸಿದರು: 29. ಮತ್ತೆ ಎಣಿಸಿದರು: 29. ನನ್ನ ಎದೆ ಧಸಕ್ಕೆಂದಿತು. ಸೀಟಿಗಳು ಊದಿದವು, ಧ್ವನಿವರ್ಧಕ ಕೂಗಿತು, ಕೊನೆಗೆ ಕಾವಲುಗಾರರೊಬ್ಬರು ಲೋಲಕದ ಕಡೆಯಿಂದ ಆ ಹುಡುಗಿಯ ರಟ್ಟೆ ಹಿಡಿದುಕೊಂಡು ಬಂದರು. ಅವರ ಇನ್ನೊಂದು ಅಂಗೈಯಲ್ಲಿ ಒಂದು ಶೇಂಗಾ ಬೀಜವಿತ್ತು.

“ಕಟಕಟಿ ಒಳಗ ಶೇಂಗಾ ಇಟ್ಟಾಳ ನೋಡ್ರಿ ಯಜಮಾನ್ರ. ತಿನ್ನು ಸಾಮಾನು ಒಳಗ ತರಬಾರದಂತ ಬೋರ್ಡ್ ಹಾಕೇವಿ.”

ಹುಡುಗಿ ಅಳಲಿಲ್ಲ. “ಕಾಕಾ, ಗುಂಡಿನ ಹಾದಿಗಿ ಎಡಕ್ಕೊಂದು ಬಲಕ್ಕೊಂದು, ಬೆರಳಷ್ಟು ದೂರ ಇಟ್ಟಿದ್ನಿ. ಬಲಗಡಿದು ಬಿತ್ತು. ಎಡಗಡಿದು ಹಂಗ ಐತಿ. ಯಾಕ?” ಎಂದು ನನ್ನನ್ನು ಕೇಳಿದಳು. ವಿರಾಮದಲ್ಲಿ ಬುತ್ತಿಯ ಗಂಟಿನಿಂದ ತೆಗೆದ ಎರಡು ಬೀಜಗಳಿಂದ ಭೂಮಿ ಯಾವ ದಿಕ್ಕಿಗೆ ತಿರುಗುತ್ತದೆಂದು ಪರೀಕ್ಷಿಸಲು ಆಕೆ ತಾರಾಲಯದ ಪ್ರದರ್ಶನವನ್ನೇ ಬಿಟ್ಟಿದ್ದಳು. ಉತ್ತರಾರ್ಧ ಗೋಳದಲ್ಲಿ ಹಾದಿ ಪ್ರದಕ್ಷಿಣೆಯಾಗಿಯೇ ಸರಿಯುತ್ತದೆಂದು ನಾನು ವಿವರಿಸಲು ಹೊರಡುವಷ್ಟರಲ್ಲಿ ಕಚೇರಿಯಿಂದ ಕರೆ ಬಂತು.

ಅಲ್ಲಿ ಒಂದು ನಮೂನೆಯನ್ನು ತುಂಬಬೇಕಿತ್ತು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು 1976ರ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನದ 51ಎ ವಿಧಿಯಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲೊಂದು. ನಮೂನೆಯ ತಲೆಬರಹದಲ್ಲಿ ಅದನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಕೆಳಗೆ ‘ವೈಜ್ಞಾನಿಕ ಮನೋಭಾವ ಮೂಡಿದ ಮಕ್ಕಳ ಸಂಖ್ಯೆ’ ಎಂಬ ಕಲಮು, ಗಂಡು ಮತ್ತು ಹೆಣ್ಣು ಪ್ರತ್ಯೇಕವಾಗಿ. ಅದರ ಪಕ್ಕದಲ್ಲಿ ‘ಶಿಸ್ತು ಉಲ್ಲಂಘಿಸಿದವರು’ ಎಂಬ ಇನ್ನೊಂದು ಕಲಮು. ಮೊದಲನೆಯದರಲ್ಲಿ 29, ಎರಡನೆಯದರಲ್ಲಿ 1 ಎಂದು ಅವರೇ ತುಂಬಿಟ್ಟಿದ್ದರು. ಫೋಟೊದಲ್ಲಿ ಇಲ್ಲದವರಿಗೆ ಮನೋಭಾವ ಮೂಡಿದೆಯೆಂದು ಬರೆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದಂತೆ.

ನಾನು ಸಹಿ ಹಾಕಿದೆ. ಹಾಕಿದ ಮೇಲೆ ಅವರು ಸುತ್ತೋಲೆಯ ಮೂರನೆಯ ಸಾಲನ್ನು ತೆಗೆದು ತೋರಿಸಿದರು. ಪ್ರದರ್ಶನಕ್ಕೆ ಹಾಜರಿದ್ದವರು 29 ಮಂದಿ, ಅದಕ್ಕೆ ನಾನೇ ಸಹಿ ಹಾಕಿದ್ದೇನೆ, 29 ಎಂದರೆ ಗುಂಪಲ್ಲ, ಗುಂಪಲ್ಲದವರಿಗೆ ರಿಯಾಯಿತಿಯಿಲ್ಲ. ಉಳಿದ ಅರ್ಧ ಹಣವನ್ನು ಅಲ್ಲಿಯೇ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಕ್ರೂಸರಿನಲ್ಲಿ ಕೂತು ಅದನ್ನು ಬಿಡಿಸಿ ನೋಡಿದೆ. ಬಿಡಿ ಸಂದರ್ಶಕರು 29 ಎಂದು ಬರೆದಿತ್ತು; ಮೊತ್ತವನ್ನು ಮಾತ್ರ ಮೂವತ್ತು ಜನರಿಗೆ ಹಾಕಿದ್ದರು. ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನೂ ಒಮ್ಮೆ ಗುಣಿಸಿ ನೋಡಿ, “ಕಾಕಾ, ಇದರಾಗ ಒಂದು ಹೆಚ್ಚಿಗಿ ಐತಿ” ಎಂದಳು.